ಗೌರಿಯ ಕಿವಿ ತೋರಿಸಲು ಸಿಲೋನಿಗೆ ಹೋದದ್ದು

ಸಿಲೋನಿಗೆ ಹೋಗಿ ಬಂದವಳು ಎಂದು ನನ್ನನ್ನು ನೋಡಲು ಜನ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದು, ರಾವಣನ ಅರಮನೆ ನೋಡಿದೆಯಾ ಎಂದು. ನೋಡಲಿಲ್ಲ. ಸೀತಮ್ಮ ಕುಳಿತಿದ್ದ ಮರವನ್ನೂ ನೋಡಲಿಲ್ಲ. ನಾನು ನೋಡಿದ್ದು ಮೀನಿನ ವಾಸನೆಯ ಒಂದು ಊರು, ಕಿವುಡು ಮಕ್ಕಳ ಒಂದು ಶಾಲೆ, ಒಬ್ಬ ಮೊಂಡ ಡಾಕ್ಟರು. ಅಷ್ಟನ್ನು ಬರೆಯುತ್ತೇನೆ. ರಾವಣ ಬೇಕಾದವರು ಹರಿಕಥೆಗೆ ಹೋಗಿ.

ಕೊಳ್ಳೇಗಾಲ

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಗಂಡ ಹೋದ ಮೇಲೆ ಎರಡು ಮಗ್ಗವನ್ನೂ ನಾನೇ ನಡೆಸಿದೆ. ಮಗಳು ರಾಜಮ್ಮನನ್ನು ನನ್ನ ಒಡಹುಟ್ಟಿದ ತಮ್ಮ ನಂಜಪ್ಪನಿಗೆ ಕೊಟ್ಟೆ. ತಮ್ಮನೂ ಅವನೇ, ಅಳಿಯನೂ ಅವನೇ. ಅಕ್ಕನ ಮಗಳು ಮನೆಯಲ್ಲಿರುವಾಗ ಹೊರಗೆ ಹೆಣ್ಣು ಹುಡುಕುವವನನ್ನು ಕಂಡರೆ ನಮ್ಮ ಬೀದಿಯವರು ಅವನಲ್ಲೇ ಏನೋ ಐಬಿದೆ ಎನ್ನುತ್ತಾರೆ.

ಅವರಿಗೆ ಮೂರು ಮಕ್ಕಳು. ದೊಡ್ಡವಳು ಪುಟ್ಟತಾಯಿ, ಗಟ್ಟಿ ಹುಡುಗಿ, ಕೈಕಾಲು ಬಾಯಿ ಎಲ್ಲ ಚುರುಕು. ಎರಡನೆಯದು ಗಂಡು. ಅದಕ್ಕೆ ಕುತ್ತಿಗೆಯೇ ನಿಲ್ಲಲಿಲ್ಲ, ಎರಡು ವರ್ಷಕ್ಕೆ ಹೋಯಿತು. ಮೂರನೆಯವಳು ಗೌರಿ. ಕೂತದ್ದು ತಡ, ನಿಂತದ್ದು ತಡ, ನಡೆದದ್ದು ನಾಲ್ಕನೆಯ ವರ್ಷದಲ್ಲಿ. ನಡೆದರೂ ದೋಣಿಯಲ್ಲಿ ನಿಂತವರ ಹಾಗೆ ಓಲಾಡುತ್ತಿದ್ದಳು. ಏಳು ತುಂಬಿದರೂ ಮೂರು ವರ್ಷದ ಮಗುವಿನ ಆಟ. ಅದರ ಮೇಲೆ ಕಿವಿ ಕೇಳದು.

ಕಿವಿ ಕೇಳದೆಂದು ನಮಗೆ ಗೊತ್ತಾದದ್ದೂ ತಡವಾಗಿಯೇ. ಬೇರೆಯವರ ಮನೆಯಾಗಿದ್ದರೆ ಆರು ತಿಂಗಳಲ್ಲೇ ತಿಳಿಯುತ್ತಿತ್ತು. ನಮ್ಮಲ್ಲಿ ಬೆಳಗಿನಿಂದ ಸಂಜೆಯವರೆಗೆ ಎರಡು ಮಗ್ಗದ ಸದ್ದು. ಯಾರು ಯಾರ ಮಾತು ಕೇಳುತ್ತಾರೆ? ನೀರು ಬೇಕಾದರೆ ಹೆಬ್ಬೆರಳನ್ನು ಬಾಯಿಗೆ ತೋರಿಸುತ್ತೇವೆ, ಲಾಳಿಗೆ ಹಾಕುವ ಕಂಡಿಕೆ ಬೇಕಾದರೆ ಬೆರಳು ತಿರುಗಿಸುತ್ತೇವೆ, ಊಟಕ್ಕೆ ಹೊಟ್ಟೆ ತಟ್ಟುತ್ತೇವೆ. ಮಗುವೂ ಅದನ್ನೇ ಕಲಿತು ಮಾಡುತ್ತಿತ್ತು. ಜಾಣೆ ಎಂದುಕೊಂಡೆವು. ಒಂದು ದಿನ ನೂಲು ಬಾರದೆ ಮಗ್ಗ ನಿಂತಿತ್ತು. ಮನೆ ಸದ್ದಿಲ್ಲದೆ ಇತ್ತು. ಹಿಂದಿನಿಂದ ಕರೆದೆ, ತಿರುಗಲಿಲ್ಲ. ಹಂಡೆ ಬಡಿದೆ, ಆಗಲೂ ತಿರುಗಲಿಲ್ಲ. ಆಗ ನಾವು ಎಂಥ ದಡ್ಡರು ಎಂದು ತಿಳಿಯಿತು.

ಆಮೇಲೆ ಮಾದಪ್ಪನ ಬೆಟ್ಟಕ್ಕೆ ಹೋದೆವು, ನಾಗರ ಕಲ್ಲಿಗೆ ಹಾಲೆರೆದೆವು, ಮಾರ್ಟಳ್ಳಿಯ ನಾಟಿ ವೈದ್ಯನ ಎಣ್ಣೆ ಬಿಟ್ಟೆವು. ನಾನು ಇನ್ನೊಂದು ಕೆಲಸವನ್ನೂ ಮಾಡಿದೆ, ಅದು ಮಗು ಹೊತ್ತಿಗೆ ಕೂರದಿದ್ದಾಗಲೇ ಶುರು. ಗೌರಿ ಹೊಟ್ಟೆಯಲ್ಲಿದ್ದಾಗ ರಾಜಮ್ಮ ಗ್ರಹಣದ ಹೊತ್ತಿನಲ್ಲಿ ಕುಂಬಳಕಾಯಿ ಹೆಚ್ಚಿದ್ದಳು. ಅದರಿಂದಲೇ ಹೀಗಾಯಿತು ಎಂದು ಅವಳ ಮುಖಕ್ಕೂ ಹೇಳಿದೆ, ಬೀದಿಗೂ ಹೇಳಿದೆ. ಏಳು ವರ್ಷ ಹೇಳಿದೆ.

ನನ್ನ ಮಗ, ರಾಜಮ್ಮನ ತಮ್ಮ ಶಿವಣ್ಣ ಆಗ ಸಿಲೋನಿನ ಕೊಳಂಬಿನಲ್ಲಿ ಒಂದು ಜವಳಿ ಅಂಗಡಿಯಲ್ಲಿದ್ದ. ಅವನಿಗೂ ಪುಟ್ಟತಾಯಿಗೂ ತಾಂಬೂಲ ಬದಲಾಯಿಸಿ ಆಗಿತ್ತು. ಮಗಳ ಮಗಳನ್ನು ಸೊಸೆ ಮಾಡಿಕೊಂಡರೆ ಮನೆಯ ಹೆಣ್ಣು ಮನೆಯಲ್ಲೇ ಉಳಿಯುತ್ತದೆ, ಇದು ನನ್ನ ಲೆಕ್ಕ. ಮದುವೆಗೆ ಅವನನ್ನು ಕರೆತರಬೇಕಿತ್ತು. ಅಷ್ಟರಲ್ಲಿ ಅವನ ಕಾಗದ ಬಂತು. ಇಲ್ಲಿ ಸಮುದ್ರದ ಹತ್ತಿರ ಕಿವುಡು ಮಕ್ಕಳಿಗೆ ಮಾತು ಕಲಿಸುವ ಶಾಲೆ ಇದೆ, ಕಿವಿ ನೋಡುವ ಡಾಕ್ಟರು ಬರುತ್ತಾರೆ, ಗೌರಿಯನ್ನು ಕರೆದುಕೊಂಡು ಬನ್ನಿ ಎಂದು ಬರೆದಿದ್ದ. ಒಂದು ಪ್ರಯಾಣದಲ್ಲಿ ಎರಡು ಕೆಲಸ. ಹೊರಟೆ.

“ನಾನೂ ಬರ್ಲಾ ಅವ್ವ?” ಎಂದಳು ರಾಜಮ್ಮ.

“ಮದ್ವೆ ಸೀರೆ ಮಗ್ಗದ್ ಮ್ಯಾಲದೆ. ಅದ್ನ ಯಾರು ನೇದಾರು? ಕುಂತ್ಕಂಡು ನೇಯ್. ನಾನೂ ನಿನ್ ಗಂಡನೂ ಓಗ್ ಬತ್ತೀವಿ.”

ಹನೂರು, ರಾಮಾಪುರ

ಹನೂರಿನವರೆಗೆ ಬಸ್ಸಿನಲ್ಲಿ ಎಲ್ಲರೂ ಗೊತ್ತಿದ್ದವರೇ. ಎಲ್ಲಿಗೆ ಎಂದು ಕೇಳಿದರು. ಸಿಲೋನಿಗೆ ಎಂದೆ. ನಕ್ಕರು. ಗೌರಿಯನ್ನು ನೋಡಿ ನಗು ನಿಲ್ಲಿಸಿದರು. ಅದಕ್ಕಿಂತ ನಕ್ಕಿದ್ದರೇ ಚೆನ್ನಾಗಿತ್ತು.

ರಾಮಾಪುರದಲ್ಲಿ ಒಬ್ಬ ಮುದುಕ ಹತ್ತಿದ. ಮೈತುಂಬ ವಿಭೂತಿ. ನನ್ನ ಪಕ್ಕದ ಗಂಟು ನೋಡಿ, ಎಲ್ಲಿಗೆ ಎಂದು ಕೇಳಿ ತಿಳಿದುಕೊಂಡು, “ಸಮುದ್ರ ದಾಟಿದ್ರೆ ಜಾತಿ ಓಯ್ತದೆ ಕಣಮ್ಮೋ” ಎಂದ.

“ಜಾತೀನ ಮನೇಲೇ ಬುಟ್ ಬಂದಿವ್ನಿ ಕಣಪ್ಪೋ. ಪೆಟ್ಗೇಲಿ ಜೋಪಾನಾಗದೆ” ಎಂದೆ. ಅಲ್ಲಿಂದ ಅವನು ಕಿಟಕಿಯ ಕಡೆಗೇ ನೋಡಿಕೊಂಡು ಬಂದ.

ಗೌರಿಗೆ ಬಸ್ಸು ಎಂದರೆ ಹಬ್ಬ. ಅಂಗೈಯನ್ನು ಸೀಟಿನ ಕಬ್ಬಿಣಕ್ಕೆ ಒತ್ತಿ ಹಿಡಿದು ನಗುತ್ತಿದ್ದಳು. ಇಂಜಿನ್ ನಿಲ್ಲಿಸಿದರೆ ಅಳು. ಕಾಡಿನ ದಾರಿಯಲ್ಲಿ ಡ್ರೈವರ್ ಮೂರು ಸಲ ನೀರು ಹಾಕಲು ನಿಲ್ಲಿಸಿದ, ಮೂರು ಸಲವೂ ಕಿರುಚಿದಳು. ಕೊನೆಗೆ ಡ್ರೈವರೇ, “ಈ ಕೂಸ್ಗೋಸ್ಕರ ನಾನು ಇಂಜಿನ್ ಆಫ್ ಮಾಡಾಕಿಲ್ಲ ಬುಡಿ” ಎಂದು ಬರಗೂರು ಬೆಟ್ಟ ಇಳಿಯುವವರೆಗೆ ಇಂಜಿನ್ ಓಡುತ್ತಿದ್ದ ಹಾಗೇ ನಿಲ್ಲಿಸಿ ಜನರನ್ನು ಹತ್ತಿಸಿಕೊಂಡ. ಕಿವುಡು ಮಗುವಿನ ಮಾತು ಮೊದಲು ಕೇಳಿಸಿಕೊಂಡವನು ಅವನೇ.

ಮಂಡಪಂ

ಈರೋಡಿನಿಂದ ರೈಲು. ರೈಲಿನ ವಿಷಯ ಎಲ್ಲರಿಗೂ ಗೊತ್ತು. ಮಂಡಪಂ ಎಂಬಲ್ಲಿ ಸಿಲೋನಿಗೆ ಹೋಗುವವರನ್ನು ಇಳಿಸಿ ಕೆಲವು ದಿನ ಕೂಡಿಹಾಕುತ್ತಾರೆ. ರೋಗ ಹೊತ್ತುಕೊಂಡು ಹೋಗಬಾರದಂತೆ. ಬಟ್ಟೆಯನ್ನೆಲ್ಲ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಆವಿಗೆ ಬೇಯಿಸಿದರು. ನನ್ನ ಒಂದೇ ಒಂದು ರೇಷ್ಮೆ ಸೀರೆ, ನನ್ನ ಕೈಯಲ್ಲೇ ನೇಯ್ದದ್ದು, ಬೆಂದ ಬಾಳೆ ಎಲೆಯಂತಾಗಿ ಹೊರಗೆ ಬಂತು. ನೇಯ್ದವಳಿಗೆ ಮಾತ್ರ ಗೊತ್ತು ಅದರ ಸಂಕಟ. ಬೇಯಿಸಿದವನಿಗೆ ತಮಿಳಿನಲ್ಲಿ ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬೈದೆ. ಅವನು ಅಭ್ಯಾಸವಾದವನಂತೆ ಮುಂದಿನ ಗಂಟು ಎತ್ತಿಕೊಂಡ.

ರಾಗಿ ಹಿಟ್ಟಿನ ಚೀಲ ಬಿಚ್ಚಿಸಿದರು. ಇದೇನು ಮದ್ದಿನ ಪುಡಿಯೋ ಎಂದು ಒಬ್ಬ ಮೂಸಿ ನೋಡಿ ಸೀನಿದ. ಒಂದು ಹಿಡಿ ತೆಗೆದು ಅವನ ಎದುರಿಗೇ ಬಾಯಿಗೆ ಹಾಕಿಕೊಂಡೆ. ಬಿಟ್ಟ.

ಆಮೇಲೆ ಗುಮಾಸ್ತ ಗಂಡನ ಹೆಸರು ಕೇಳಿದ. ನಾನು ಗಂಡನ ಹೆಸರು ಹೇಳುವವಳಲ್ಲ, ಸತ್ತಿದ್ದರೂ ಹೇಳುವವಳಲ್ಲ. ನಂಜಪ್ಪ ಗಂಡಸರ ಸಾಲಿನಲ್ಲಿ ದೂರ ನಿಂತಿದ್ದ. “ಬೆಟ್ಟದ ಮೇಲಿರುವ ದೇವರ ಹೆಸರು” ಎಂದು ತಮಿಳಿನಲ್ಲಿ ಹೇಳಿದೆ. ಗುಮಾಸ್ತ ತಲೆಯಾಡಿಸಿ ಮುರುಗನ್ ಎಂದು ಬರೆದುಕೊಂಡ. ಅವರಿಗೆ ಬೆಟ್ಟದ ಮೇಲೆ ಇರುವವನು ಅವನೇ. ನಮ್ಮ ಬೆಟ್ಟ ಬೇರೆ ಎಂದು ಹೇಳಲು ಹೋಗಲಿಲ್ಲ. ಹಿಂದೆ ಸಾಲು ಉದ್ದ ಇತ್ತು. ಹೀಗೆ ಸಿಲೋನಿನಲ್ಲಿ ಇದ್ದಷ್ಟು ದಿನವೂ ನಾನು ಸರ್ಕಾರದ ಪ್ರಕಾರ ಇನ್ನೊಬ್ಬರ ಹೆಂಡತಿ.

ಹಡಗು

ಸಮುದ್ರದ ಬಗ್ಗೆ ಬಹಳ ಕೇಳಿದ್ದೆ. ನೋಡಿದೆ. ನೀರು ಬೇಕಾದಷ್ಟಿದೆ, ಕುಡಿಯಲು ಬರುವುದಿಲ್ಲ. ಶಿವನಸಮುದ್ರದಲ್ಲಿ ಕಾವೇರಿ ಬೀಳುವುದನ್ನು ನೋಡಿದವರಿಗೆ ಇದು ಏನು ಮಹಾ? ಆದರೆ ಹಡಗು ಓಲಾಡತೊಡಗಿದ ಮೇಲೆ ನನ್ನ ಬಾಯಿ ಮುಚ್ಚಿತು. ಹಡಗಿನಲ್ಲಿದ್ದವರೆಲ್ಲ ಕಂಬ, ಹಗ್ಗ, ಒಬ್ಬರನ್ನೊಬ್ಬರು ಹಿಡಿದುಕೊಂಡು ವಾಂತಿ ಮಾಡಿದರು. ನಂಜಪ್ಪ ಮಲಗಿಯೇ ಬಿಟ್ಟ. ಗೌರಿ ಒಬ್ಬಳು ಏನೂ ಆಗದವಳಂತೆ ಕಡಲೆಪುರಿ ತಿನ್ನುತ್ತಾ ಕುಳಿತಿದ್ದಳು. ನೆಲದ ಮೇಲೆ ಬೀಳುವ ಮಗು ಹಡಗಿನಲ್ಲಿ ಹೇಗೆ ಗಟ್ಟಿ ಎಂದು ಆಗ ನನಗೆ ಅರ್ಥವಾಗಲಿಲ್ಲ.

ಕೊಳಂಬು

ಹಡಗಿಳಿದು ಮತ್ತೆ ರೈಲು. ಶಿವಣ್ಣ ಸ್ಟೇಷನ್ನಿಗೆ ಬಂದಿದ್ದ. ದಪ್ಪವಾಗಿದ್ದ. ಅಲ್ಲಿಯ ಊಟ ಹಾಗೆ. ಎಲ್ಲಕ್ಕೂ ತೆಂಗಿನಕಾಯಿ. ಅನ್ನ ಬೇಯಿಸುವುದಕ್ಕೂ ತೆಂಗಿನ ಹಾಲು, ತಲೆಗೂ ತೆಂಗಿನ ಎಣ್ಣೆ, ಒಲೆಗೂ ತೆಂಗಿನ ಚಿಪ್ಪು. ಮೊದಲ ದಿನ ಅವನು ಬಾಡಿಗೆಗಿದ್ದ ಮನೆಯ ಯಜಮಾನಿ ಕಾಯಿತುರಿಯ ಚಟ್ನಿ ಬಡಿಸಿದಳು. ಕೆಂಪಗೆ, ಖಾರವಾಗಿ, ಚೆನ್ನಾಗಿತ್ತು. ಎರಡನೆಯ ಸಲವೂ ಹಾಕಿಸಿಕೊಂಡೆ. ತಿಂದು ಮುಗಿಸಿದ ಮೇಲೆ ಶಿವಣ್ಣ ಮೆಲ್ಲಗೆ, “ಅವ್ವ, ಅದ್ರೊಳ್ಗೆ ಒಣ ಮೀನ್ ಕುಟ್ಟಿ ಆಕ್ತಾರೆ” ಎಂದ. ನಮ್ಮ ಮನೆಯಲ್ಲಿ ಮೀನು ಮುಟ್ಟುವುದಿಲ್ಲ.

“ತಿನ್ನಾಕ್ ಮುಂಚೆ ಏಳಾಕೆ ಏನ್ ಬಂದಿತ್ಲಾ ನಿಂಗೆ?”

“ನೀನ್ ಚಂದಾಗ್ ತಿಂತಿದ್ದೆ ಕಣವ್ವ. ಅದ್ಕೇ ಏಳ್ನಿಲ್ಲ.”

ಆಮೇಲಿಂದ ನಾನೇ ಬೇಯಿಸಿಕೊಂಡೆ. ರಾಗಿ ಮುಗಿಯಿತು ಎಂದು ಪೇಟೆಗೆ ಹೋದರೆ ಅಲ್ಲೂ ರಾಗಿ ಇತ್ತು, ಅವರು ಕುರಕ್ಕನ್ ಎನ್ನುತ್ತಾರೆ. ಮುದ್ದೆ ಮಾಡಲು ಮಾತ್ರ ಯಾರಿಗೂ ಬಾರದು. ಪಾಪ, ಅಷ್ಟು ದೊಡ್ಡ ದ್ವೀಪ.

ಅಲ್ಲಿಯ ಜನ ಒಳ್ಳೆಯವರು, ಆದರೆ ದೇವಸ್ಥಾನದಲ್ಲಿ ಜಿಪುಣರು. ಬುದ್ಧನ ಗುಡಿಗೆ ಬಿಳಿ ಬಟ್ಟೆ ಉಟ್ಟು ಬುಟ್ಟಿಗಟ್ಟಲೆ ಹೂವು ತರುತ್ತಾರೆ. ಇಟ್ಟು ಕೈಮುಗಿದು ಸುಮ್ಮನೆ ಹೋಗುತ್ತಾರೆ. ತೀರ್ಥವಿಲ್ಲ, ಪ್ರಸಾದವಿಲ್ಲ, ಒಂದು ಎಸಳನ್ನೂ ಹಿಂದಕ್ಕೆ ಕೊಡುವುದಿಲ್ಲ. ನಾನು ಕೈ ಚಾಚಿ ಬಹಳ ಹೊತ್ತು ನಿಂತಿದ್ದೆ.

ಸಮುದ್ರದ ಹತ್ತಿರದ ಶಾಲೆ

ಶಾಲೆಯಲ್ಲಿ ಮಕ್ಕಳು ಮುಖ ಮುಖ ನೋಡಿಕೊಂಡು ಕೂತಿದ್ದವು. ಬಿಳಿಯ ಟೀಚರಮ್ಮ ಒಬ್ಬಳು ಮಗುವಿನ ಕೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು ಅ ಅ ಎನ್ನುತ್ತಿದ್ದಳು. ಗಂಟಲು ನಡುಗುವುದು ಮಗುವಿನ ಕೈಗೆ ಗೊತ್ತಾಗುತ್ತದೆ. ಆಮೇಲೆ ಅದು ತನ್ನ ಗಂಟಲನ್ನು ಹಾಗೇ ನಡುಗಿಸಲು ನೋಡುತ್ತದೆ. ನನಗೆ ಕೂಡಲೇ ಅರ್ಥವಾಯಿತು. ಗೌರಿ ಬಸ್ಸಿನ ಕಬ್ಬಿಣ ಹಿಡಿದು ಮಾಡಿದ್ದೂ ಇದನ್ನೇ.

ವಾರಕ್ಕೊಮ್ಮೆ ಬರುವ ಡಾಕ್ಟರು ಎತ್ತರದ ಮನುಷ್ಯ, ಅಲ್ಲೇ ನೆಲೆಸಿದ ಪರಂಗಿ ಜಾತಿಯವನು. ಗೌರಿಯ ಕಿವಿಗೆ ದೀಪ ಹಿಡಿದ, ಗಂಟೆ ಬಾರಿಸಿದ, ತಲೆ ಅಳೆದ. ಆಮೇಲೆ ಅವಳನ್ನು ತಿರುಗುವ ಸ್ಟೂಲಿನ ಮೇಲೆ ಕೂರಿಸಿ ಗಿರಗಿರ ತಿರುಗಿಸಿ ನಿಲ್ಲಿಸಿದ. ಅವಳಿಗೆ ತಲೆಯೇ ಸುತ್ತಲಿಲ್ಲ, ಇನ್ನೊಂದು ಸಲ ಎಂದು ಬೆರಳು ತಿರುಗಿಸಿ ತೋರಿಸಿದಳು. ನೋಡೋಣ ಎಂದು ನಂಜಪ್ಪನನ್ನೂ ಕೂರಿಸಿ ತಿರುಗಿಸಿದ. ನಂಜಪ್ಪ ಹಡಗಿನಲ್ಲಿ ಉಳಿಸಿಕೊಂಡದ್ದನ್ನೂ ಅಲ್ಲಿ ಕಕ್ಕಿದ.

ಶಿವಣ್ಣನ ಬಾಯಲ್ಲಿ ಡಾಕ್ಟರು ಹೇಳಿದ್ದು ಇಷ್ಟು. ಕೇಳುವುದಕ್ಕೂ ಮೈ ನೆಟ್ಟಗೆ ನಿಲ್ಲುವುದಕ್ಕೂ ಬೇಕಾದದ್ದು ಕಿವಿಯ ಒಳಗೆ ಇದೆ. ಈ ಮಗುವಿಗೆ ಎರಡೂ ಇಲ್ಲ. ಹೊಟ್ಟೆಯಲ್ಲಿರುವಾಗಲೇ ಇಲ್ಲ. ಬುದ್ಧಿಯೂ ನಿಧಾನ. ಇಂಥ ಮಕ್ಕಳು ಬಹಳ ಅಪರೂಪ, ತಾನು ನೋಡಿದ್ದೇ ಒಂದೆರಡು. ಕಾರಣ ಹುಡುಕಬೇಕು.

ಮೊದಲು ಕೇಳಿದ್ದೇ, ಈ ಮಗುವಿನ ಅಪ್ಪ ಅಮ್ಮ ರಕ್ತ ಸಂಬಂಧಿಗಳಾ ಎಂದು.

ನನಗೆ ಸಿಟ್ಟು ಬಂತು. ರಕ್ತ ಸಂಬಂಧ ಎಂದರೆ ನಮ್ಮಲ್ಲಿ ದಾಯಾದಿಗಳು, ಸತ್ತರೆ ಒಟ್ಟಿಗೆ ಸೂತಕ ಹಿಡಿಯುವವರು. ಅವರಲ್ಲಿ ಹೆಣ್ಣು ತರುವುದುಂಟೇ? ನಂಜಪ್ಪ ನನ್ನ ತವರಿನ ಕುಲ. ನಾನು ಮದುವೆಯಾದ ದಿನವೇ ಗಂಡನ ಕುಲಕ್ಕೆ ಬಂದವಳು, ರಾಜಮ್ಮನದೂ ಅದೇ ಕುಲ. ಬೇರೆ ಕುಲ, ಬೇರೆ ಮನೆದೇವರು.

“ನಾವೇನ್ ದನ್ಗಳಾ? ಇಲ್ಲ ಅನ್ನು” ಎಂದೆ. ಶಿವಣ್ಣನಿಗೂ ಅದೇ ತಿಳಿವಳಿಕೆ. ಇಲ್ಲ ಎಂದ. ಡಾಕ್ಟರು ಬರೆದುಕೊಂಡ.

ಅದರಿಂದ ಕಷ್ಟಕ್ಕೆ ಸಿಕ್ಕಿದವನು ನಂಜಪ್ಪ. ಸಂಬಂಧವಿಲ್ಲ ಎಂದ ಮೇಲೆ ಡಾಕ್ಟರು ಬೇರೆ ಕಾರಣ ಹುಡುಕಿದ. ನಂಜಪ್ಪನನ್ನು ಒಳಗೆ ಕರೆದು ಬಾಗಿಲು ಹಾಕಿದ. ಹೊರಗೆ ಬಂದ ನಂಜಪ್ಪನ ಮುಖ ಮೆಣಸಿನಕಾಯಿಯಾಗಿತ್ತು.

“ಅಕ್ಕ, ಈ ಮುಂಡೇಮಗ ನಾನು ಕೆಟ್ಟ ಎಂಗುಸ್ರ ತಾವ್ಕೆ ಓಗಿದ್ನಾ ಅಂತಾನೆ! ಅಂತಾ ರೋಗ ಏನಾರ ಅದಾ ಅಂತ ರಕ್ತ ಬ್ಯಾರೆ ತಕಂಡ!”

“ಓಗಿದ್ಯಾ?”

“ಅಕ್ಕಾ!”

“ಓಗಿಲ್ದಿದ್ರೆ ರಕ್ತ ಕೊಡಾಕೆ ಏನ್ ಕಷ್ಟ? ಕೊಟ್ಟಾಯ್ತಲ್ಲ, ಸುಮ್ಕಿರು.”

ರಕ್ತ ಶುದ್ಧವಾಗಿತ್ತು. ಡಾಕ್ಟರು ತಲೆ ಕೆರೆದುಕೊಂಡ. ಹೀಗೇ ಎರಡು ವಾರ ಹೋಯಿತು.

ನಾನು ಸುಮ್ಮನೆ ಕೂರುವವಳಲ್ಲ. ಗೌರಿ ಒಳಗೆ ಪಾಠದಲ್ಲಿರುವಾಗ ಶಾಲೆಯ ಅಡಿಗೆಮನೆಗೆ ಹೋಗಿ ಅಕ್ಕಿ ಆರಿಸಿಕೊಡುತ್ತಿದ್ದೆ. ಅಲ್ಲಿ ಅನ್ನಮ್ಮ ಎಂಬ, ದ್ವೀಪದ ಬಡಗಣ ಊರಾದ ಯಾಳ್ಪಾಣದ ಆಯಾ ಇದ್ದಳು, ನನ್ನ ವಯಸ್ಸಿನವಳು. ಅವಳ ತಮಿಳು ಹಾಡಿನ ಹಾಗೆ, ನನ್ನ ತಮಿಳು ಕೊಡಲಿಯ ಹಾಗೆ. ಆದರೂ ನಡೆಯುತ್ತಿತ್ತು. ಒಂದು ದಿನ ಅವಳು, ಆ ಗಡ್ಡದ ಗಂಡಸು ನಿನಗೆ ಏನಾಗಬೇಕು ಎಂದು ಕೇಳಿದಳು.

“ತಮ್ಮ” ಎಂದೆ.

“ಮಗುವಿನ ಅಪ್ಪ ಎಂದರಲ್ಲ?”

“ಹೌದು. ನನ್ನ ಮಗಳನ್ನೇ ಅವನಿಗೆ ಕೊಟ್ಟಿರುವುದು.”

ಅನ್ನಮ್ಮನ ಮೊರ ಕೆಳಗೆ ಬಿತ್ತು. ಅಕ್ಕಿ ನೆಲದ ತುಂಬ ಹರಡಿತು. “ಐಯ್ಯೋ ಅಕ್ಕಾ, ಸೋದರಮಾವ ಎಂದರೆ ಅಪ್ಪನ ಹಾಗೆ ಅಲ್ಲವಾ! ಅಪ್ಪನಿಗೆ ಮಗಳನ್ನು ಕೊಡುತ್ತಾರಾ?” ಎಂದು ಎದೆ ಹಿಡಿದುಕೊಂಡಳು. ಅವರಲ್ಲಿ ಅತ್ತೆಯ ಮಗನಿಗೆ, ಮಾವನ ಮಗನಿಗೆ ಕೊಡುತ್ತಾರಂತೆ. ಮಾವನಿಗೇ ಕೊಟ್ಟರೆ ಊರೊಳಗೆ ಸೇರಿಸುವುದಿಲ್ಲವಂತೆ.

“ಮೀನನ್ನು ಚಟ್ನಿಗೆ ಹಾಕುವವರು ನೀವು. ನನಗೆ ಹೇಳಲು ಬರಬೇಡ” ಎಂದೆ. ಆದರೆ ಅವಳು ನಿಲ್ಲದೆ ಟೀಚರಮ್ಮನ ಹತ್ತಿರ ಓಡಿದಳು. ಟೀಚರಮ್ಮ ಡಾಕ್ಟರಿಗೆ ಹೇಳಿ ಕಳುಹಿಸಿದಳು. ಡಾಕ್ಟರು ತನ್ನ ದಿನವಲ್ಲದ ದಿನ ಬಂದ.

ಬಂದವನು ಒಂದು ಮಾತು ಬೈಯಲಿಲ್ಲ. ಕಾಗದ ತೆಗೆದು ಎದುರಿಗೆ ಕುಳಿತ. ಹೆಂಗಸಿಗೆ ದುಂಡು ಗುರುತು, ಗಂಡಸಿಗೆ ಚೌಕ. ಗೌರಿಯಿಂದ ಮೇಲಕ್ಕೆ ಎರಡು ಗೆರೆ ಎಳೆದ. ಒಂದು ನಂಜಪ್ಪನ ಮೂಲಕ ಹೋಯಿತು, ಇನ್ನೊಂದು ರಾಜಮ್ಮನ ಮೂಲಕ, ನನ್ನ ಮೂಲಕ ಹೋಯಿತು. ಎರಡೂ ಹೋಗಿ ಸೇರಿದ್ದು ನನ್ನ ಅಪ್ಪ ಅವ್ವನ ಹತ್ತಿರ.

“ನಿಮ್ಮ ಅಪ್ಪನ ಕಡೆ, ಅವ್ವನ ಕಡೆ ಹಿಂದೆ ಯಾರಾದರೂ ಹೀಗೆ ಇದ್ದರಾ?” ಎಂದು ಕೇಳಿಸಿದ.

ಇದ್ದಳು. ನನ್ನ ತವರೂರು ಶಾಗ್ಯದಲ್ಲಿ ನನ್ನ ಅಪ್ಪನ ತಂಗಿ. ಮಾತಿಲ್ಲ, ತೆವಳಿಕೊಂಡು ಓಡಾಡುತ್ತಿದ್ದಳು. ದೇವರ ಕೂಸು ಎಂದು ಎಲ್ಲರೂ ಅವಳಿಗೆ ಮೊದಲ ತುತ್ತು ಕೊಡುತ್ತಿದ್ದರು. ಅವಳಿಗೂ ಗೌರಿಗೂ ಒಂದೇ ಗೆರೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಡಾಕ್ಟರು ಬೀಜ, ರಕ್ತ ಎಂದು ಏನೇನೋ ಹೇಳಿದ. ಶಿವಣ್ಣ ತಡವರಿಸಿದ. ನಾನು ಅಷ್ಟರಲ್ಲಿ ನನ್ನ ದಾರಿಯಲ್ಲಿ ತಿಳಿದುಕೊಂಡಿದ್ದೆ. ಸೀರೆಯಲ್ಲಿ ಹೊಕ್ಕಿನ ತಪ್ಪು ಅಡ್ಡಕ್ಕೆ ಒಂದು ಸಲ ಬಂದು ಹೋಗುತ್ತದೆ. ಹಾಸಿನ ತಪ್ಪು ಹಾಗಲ್ಲ, ಉದ್ದಕ್ಕೂ ಇರುತ್ತದೆ, ಆ ಹಾಸಿನಲ್ಲಿ ನೇಯ್ದ ಎಲ್ಲ ಸೀರೆಯಲ್ಲೂ ಇರುತ್ತದೆ. ಆದರೆ ಹಾಸಿನಲ್ಲಿ ಒಂದೇ ಎಳೆ ಸೊರಗಿದ್ದರೆ ಯಾರ ಕಣ್ಣಿಗೂ ಬೀಳದು, ಪಕ್ಕದ ಎಳೆಗಳು ಮುಚ್ಚಿಕೊಳ್ಳುತ್ತವೆ. ಅಂಥದೇ ಇನ್ನೊಂದು ಎಳೆ ತಂದು ಅದರ ಮಗ್ಗುಲಿಗೆ ಸೇರಿಸಿದರೆ ಸೀರೆಯ ಉದ್ದಕ್ಕೂ ಸೀಳು ಕಾಣುತ್ತದೆ. ನನ್ನ ತವರಿನ ಹಾಸಿನ ಸೊರಗಿದ ಎಳೆ ನನ್ನಲ್ಲಿತ್ತು, ಮಗಳಿಗೆ ಕೊಟ್ಟೆ. ಅದೇ ಎಳೆ ತಮ್ಮನಲ್ಲೂ ಇತ್ತು. ಎರಡನ್ನೂ 'ಮನೆಯ ಹೆಣ್ಣು ಮನೆಯಲ್ಲಿರಲಿ' ಎಂದು ಜೋಡಿಸಿದವಳು ನಾನು.

ಗ್ರಹಣಕ್ಕೂ ಕುಂಬಳಕಾಯಿಗೂ ಇದರಲ್ಲಿ ಏನೂ ಕೆಲಸವಿರಲಿಲ್ಲ.

“ಇವನಿಗೆ ಪುಟ್ಟತಾಯೀನ ಕೊಟ್ರೆ?” ಎಂದು ಶಿವಣ್ಣನನ್ನು ತೋರಿಸಿ ಕೇಳಿದೆ. ಅದನ್ನು ತಮಿಳಿಗೆ ಮಾಡುವಾಗ ಅವನ ಕಿವಿ ಕೆಂಪಾಯಿತು. ಡಾಕ್ಟರು, ಇಬ್ಬರಲ್ಲೂ ಆ ಎಳೆ ಇರಬಹುದು, ಇಲ್ಲದೆಯೂ ಇರಬಹುದು, ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ, ಇದ್ದರೆ ಇಂಥ ಮಕ್ಕಳು ಮತ್ತೆ ಹುಟ್ಟಬಹುದು, ಹೊರಗಿನವರಿಗೆ ಕೊಟ್ಟರೆ ಆ ಭಯ ಕಡಿಮೆ ಎಂದ. ಬೇಡ ಎಂದು ಅವನು ಹೇಳಲಿಲ್ಲ. ಅದನ್ನು ಹೇಳುವುದು ನನ್ನ ಕೆಲಸ ಎಂದು ಅವನಿಗೂ ನನಗೂ ಗೊತ್ತಿತ್ತು.

ಕಡಲ ದಂಡೆ

ಮಾರನೆಯ ದಿನ ಬೆಳಿಗ್ಗೆ ಗಂಡಸರಿಬ್ಬರನ್ನೂ ದಂಡೆಗೆ ಕರೆದುಕೊಂಡು ಹೋಗಿ ಹೇಳಿದೆ, ಮದುವೆ ಇಲ್ಲ ಎಂದು. ನಂಜಪ್ಪ ಎಗರಾಡಿದ.

“ತಾಂಬೂಲ ಬದ್ಲಾಯ್ಸಿ ಆಗದೆ! ಊರ್ಗೆ ಯಾವ್ ಮುಖ ತೋರುಸ್ಲಿ ನಾನು?”

“ಇರಾದು ಒಂದೇ ಮುಖ. ಅದ್ನೇ ತೋರುಸು.”

“ಪರಂಗಿ ಗೆರೆ ಎಳುದ್ನಂತೆ, ಇವ್ಳು ಮದ್ವೆ ಮುರುದ್ಲಂತೆ. ಹಿರೀಕ್ರೆಲ್ಲ ದಡ್ರಾ? ನೂರಾರು ಮನೇಲಿ ಕೊಟ್ಟವ್ರೆ. ಎಲ್ರಿಗೂ ಇಂಗೇ ಆಗದಾ?”

“ಆಗಿಲ್ಲ. ನಮ್ಗೆ ಆಗದೆ. ಎರಡ್ ಸಲ ಆಗದೆ. ಮೂರ್ನೇ ಸಲ ನೋಡಾಕೆ ನಾನ್ ತಯಾರಿಲ್ಲ ಕಣ್ಲಾ.”

ಅವನು ಮರಳಿನ ಮೇಲೆ ಕುಕ್ಕರಿಸಿದ. ಶಿವಣ್ಣನ ಕಡೆ ತಿರುಗಿದೆ. ನಿನ್ನ ಮಾತೇನು ಎಂದು ಕೇಳಿದೆ.

“ಪುಟ್ಟತಾಯ್ನ ನಾನು ಎತ್ತಿ ಆಡ್ಸಿವ್ನಿ ಕಣವ್ವ. ಮೂಗ್ ಒರುಸಿವ್ನಿ. ನೀನ್ ಏಳುದ್ದಿ ಅಂತ ಒಪ್ಕಂಡಿದ್ದೆ, ಅಷ್ಟೆಯ” ಎಂದ. ತಾಂಬೂಲವಾದ ಮೂರು ವರ್ಷದಲ್ಲಿ ಈ ಮಾತನ್ನು ಅವನು ಒಂದು ಸಲವೂ ಆಡಿರಲಿಲ್ಲ. ನಾನೂ ಕೇಳಿರಲಿಲ್ಲ.

ಟೀಚರಮ್ಮ ಗೌರಿಯನ್ನು ಅಲ್ಲೇ ಬಿಡುವುದು ಬೇಡ ಎಂದಳು. ತುಟಿ ನೋಡಿ ಕಲಿಯುವ ಮಗು ಮನೆಯವರ ತುಟಿ ನೋಡಿ ಕಲಿಯಬೇಕು, ಇಲ್ಲಿಯ ಮಾತು ಕಲಿತು ನಿಮ್ಮೂರಲ್ಲಿ ಏನು ಮಾಡುತ್ತಾಳೆ ಎಂದಳು. ದಿನಕ್ಕೆ ಒಂದು ಗಂಟೆ ಮಗ್ಗ ನಿಲ್ಲಿಸಿ, ಬೆಳಕಿನ ಕಡೆ ಮುಖ ಮಾಡಿ ಕೂತು, ಗಂಟಲು ಮುಟ್ಟಿಸಿ ಹೇಳಿಕೊಡಬೇಕು. ಹೇಗೆ ಎಂದು ನನಗೆ ಒಂದು ತಿಂಗಳು ಕಲಿಸಿದಳು.

“ಮಾತು ಬರುತ್ತಾ?” ಎಂದು ಕೇಳಿದೆ.

“ಒಂದೆರಡು ಬರಬಹುದು. ಕೆಲಸ ಬರುತ್ತೆ” ಎಂದಳು. ಸುಳ್ಳು ಹೇಳದ ಹೆಂಗಸು. ನನಗೆ ಹಿಡಿಸಿದಳು. ಹೊರಡುವ ದಿನ ಗೌರಿ ಅವಳ ಗಂಟಲಿಗೆ ತಾನೇ ಕೈ ಇಟ್ಟು, ತನ್ನ ಗಂಟಲಿಗೂ ಕೈ ಇಟ್ಟು, ಮಗ್ಗದ ಹಲಗೆ ಕಿರುಗುಟ್ಟಿದಂಥ ಒಂದು ಸದ್ದು ಮಾಡಿದಳು. ಅವಳ ಬಾಯಿಂದ ಬೇಕೆಂದೇ ಬಂದ ಮೊದಲ ಸದ್ದು. ಅನ್ನಮ್ಮ ಅತ್ತಳು. ನನಗೆ ಗಂಟು ಕಟ್ಟುವ ಕೆಲಸವಿತ್ತು.

ಮತ್ತೆ ಕೊಳ್ಳೇಗಾಲ

ರಾಜಮ್ಮ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದಳು. ಮದುವೆ ಸೀರೆ ಸೆರಗಿನ ಹತ್ತಿರಕ್ಕೆ ಬಂದಿತ್ತು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಗೆರೆ, ಎಳೆ, ಶಾಗ್ಯದ ಅತ್ತೆ, ಮುರಿದ ಮದುವೆ. ಅವಳು ಲಾಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು. ಮದುವೆ ಮುರಿದದ್ದಕ್ಕೆ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

“ಅಂಗಾರೆ ಗ್ರಾಣದ್ ಕುಂಬಳ್ಕಾಯಿಂದ ಅಲ್ಲ?”

“ಅಲ್ಲ. ನೀನಲ್ಲ. ನನ್ ತವರಿಂದ ಬಂದದ್ದು, ಜೋಡ್ಸುದ್ದು ನಾನು.”

“ಏಳ್ ವರ್ಸ ಏಳುದ್ಯಲ್ಲವ್ವ. ನೀರ್ ತರಾಕ್ ಓದ್ರೆ ಬಸ್ರೀರು ನನ್ ಮುಂದ್ಕೆ ಬತ್ತಿರ್ನಿಲ್ಲ.” ದನಿ ಏರಿಸಲಿಲ್ಲ. “ಬೀದಿಗೆಲ್ಲ ಅದ್ನ ಏಳ್ದೋಳು ನೀನು. ಇದ್ನೂ ಬೀದಿಗೆಲ್ಲ ನೀನೇ ಓಗ್ ಏಳು. ಆಮೇಕೆ ನನ್ ಮಗ್ಳಿಗೆ ಗಂಡ್ ಹುಡುಕ್ಕಂಡ್ ಬಾ.” ಎಂದವಳೇ ಲಾಳಿ ಎತ್ತಿ ಎಸೆದಳು. ಮಗ್ಗದ ಸದ್ದು ಶುರುವಾಯಿತು.

ಹೋಗಿ ಹೇಳಿದೆ. ನಮ್ಮ ಬೀದಿಯ ಒಂದೊಂದು ಮನೆಗೂ ಹೋಗಿ, ಹೊಸಿಲ ಹೊರಗೆ ನಿಂತು ಹೇಳಿದೆ. ಕೆಲವರು ನಂಬಲಿಲ್ಲ, ಕೆಲವರು ಸಿಲೋನಿನಲ್ಲಿ ಯಾರೋ ಮಾಟ ಮಾಡಿ ಕಳಿಸಿದ್ದಾರೆ ಎಂದರು. ನಂಬಿದವರೇ ಕಷ್ಟ ಕೊಟ್ಟವರು. ಕುಲದ ಯಜಮಾನರು ತಾಂಬೂಲ ಬಿಡಿಸಿಕೊಟ್ಟರು, ಬಿಡಿಸಿಕೊಟ್ಟು ಕೇಳಿದರು, “ನಿಮ್ ಎಳೆ ಕೆಟ್ಟದೆ ಅಂತ ನೀವೇ ಸಾರಿದ್ ಮೇಲೆ ಆ ಹುಡ್ಗೀನ ಯಾರವ್ವ ತಕಂಡಾರು?”

ಯಳಂದೂರು

ಕೊಳ್ಳೇಗಾಲದವರಿಗೆ ಯಳಂದೂರು ಒಂದು ಹೆಜ್ಜೆ. ಆದರೆ ನಮ್ಮದು ಕೊಯಮತ್ತೂರು ಜಿಲ್ಲೆ, ಮದರಾಸಿಗೆ ಸೇರಿದ್ದು. ಯಳಂದೂರು ಮಹಾರಾಜರ ಸೀಮೆ. ಕಾಲ್ನಡಿಗೆಯಲ್ಲಿ ಹೋಗಿಬರುವ ಪರದೇಶ. ಹೆಣ್ಣು ಕೊಟ್ಟು ತರುವುದು ನಮ್ಮ ಬೀದಿಯವರಿಗೆ ಕಡಿಮೆ. ಹಾಗಾಗಿಯೇ ಅಲ್ಲಿಗೆ ಹೊರಟೆ. ಗೌರಿಯನ್ನೂ ಕರೆದುಕೊಂಡೆ. “ಅವ್ಳ್ ಯಾಕೆ? ಕೂಸ್ನ ನೋಡುದ್ರೆ ಒಪ್ಪಾರಾ?” ಎಂದ ನಂಜಪ್ಪ. ನೋಡಿಯೇ ಒಪ್ಪಲಿ ಎಂದೆ.

ಮೊದಲ ಮನೆಯವರು ಗೌರಿ ಓಲಾಡುತ್ತ ಒಳಗೆ ಬಂದದ್ದನ್ನು ನೋಡಿ, ಹೇಳಿ ಕಳುಹಿಸುತ್ತೇವೆ ಎಂದರು. ಹೇಳಿ ಕಳುಹಿಸುವವರ ಮುಖ ನನಗೆ ಗೊತ್ತು. ಎರಡನೆಯ ಮನೆಯಲ್ಲಿ ಮಜ್ಜಿಗೆ ಕೊಟ್ಟರು, ಮಾತು ಕೊಡಲಿಲ್ಲ. ಮೂರನೆಯದು ಮಾಂಬಳ್ಳಿಯಲ್ಲಿ, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಮನೆ. ಗಂಡಿನ ತಾಯಿ ಬಿಸಿನೀರಿನ ಬಾಣಲೆಯ ಮುಂದೆ ಕೂತಿದ್ದಳು. ಕೈಯೆಲ್ಲ ಸುಕ್ಕು. ಏಳಲಿಲ್ಲ, ಕೆಲಸ ಮಾಡುತ್ತಲೇ ಕೇಳಿದಳು.

“ಈ ಕೂಸ್ಯಾರು?”

“ಹುಡ್ಗಿ ತಂಗಿ. ಕಿವಿ ಕೇಳಾಕಿಲ್ಲ, ಬುದ್ದಿ ನಿಧಾನ. ಇದ್ರ ಮ್ಯಾಲಿಂದು ಒಂದು ತೀರ್ಕತು. ನಮ್ ತವರ್ ಮನೆ ರಕ್ತದಲ್ಲದೆ. ನಾನು ತಿಳೀದೆ ತಮ್ಮುಂಗೇ ಮಗ್ಳು ಕೊಟ್ಟೆ, ಅದ್ಕೇ ಇಂಗಾಯ್ತು. ಹುಡ್ಗಿ ಚಂದಾಗವ್ಳೆ. ಅವ್ಳೊಳ್ಗೂ ಅದ್ರ ಒಂದ್ ಚೂರು ಇದ್ರೂ ಇರ್ಬೋದು. ಹೊರಗ್ನೋರ್ನ ಮದ್ವೆಯಾದ್ರೆ ಭಯ ಕಮ್ಮಿ ಅಂದವ್ರೆ ಡಾಕ್ಟ್ರು. ಮುಚ್ಚಿಟ್ಟು ಕೊಡಾಕೆ ನಂಗೆ ಬರಾಕಿಲ್ಲ.”

ಅವಳು ಎಳೆ ಹಿಡಿದ ಕೈ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗೌರಿ ಅಷ್ಟರಲ್ಲಿ ನೂಲು ಸುತ್ತುವ ರಾಟೆಯ ಮರಕ್ಕೆ ಅಂಗೈ ಒತ್ತಿ ನಗುತ್ತಿದ್ದಳು. ಯಾರೂ ಅವಳನ್ನು ಎಳೆಯಲಿಲ್ಲ.

“ಇಂದೆ ಮುಂದೆ ನಮ್ಗೂ ನಿಮ್ಗೂ ಏನಾರ ನೆಂಟಸ್ತನ ಅದಾ?” ಎಂದಳು.

ಹೆಣ್ಣು ಕೇಳುವ, ಕೊಡುವ ಎಲ್ಲ ಮನೆಯಲ್ಲೂ ಕೇಳುವ ಮಾತು ಅದು. ಇದೆ ಎಂದು ತೋರಿಸಲು ಜನ ಯಾವ ಯಾವುದೋ ಅಜ್ಜಿಯನ್ನು ಎಳೆದು ತರುತ್ತಾರೆ. ನಾನೂ ಜೀವನವೆಲ್ಲ ಹಾಗೇ ಎಳೆದು ತಂದವಳು. ಅವಳು ತನ್ನ ಹಿರಿಯರ ಊರುಗಳನ್ನು ಹೇಳಿದಳು, ನಾನು ನಮ್ಮವರ ಊರುಗಳನ್ನು ಹೇಳಿದೆ. ಎಲ್ಲೂ ಕೂಡಲಿಲ್ಲ.

“ಏನೂ ಇಲ್ಲ ಕಣವ್ವ” ಎಂದೆ. “ಇಲ್ಲ ಅಂತ್ಲೇ ನಿನ್ ಬಾಗ್ಲಿಗೆ ಬಂದಿವ್ನಿ.”

ಅವಳು ಮತ್ತೆ ಬಾಣಲೆಯ ಕಡೆ ತಿರುಗಿ ಒಂದು ಗೂಡಿನ ತುದಿ ಹುಡುಕಿ ಎತ್ತಿಕೊಂಡಳು. ಆಮೇಲೆ ಕೇಳಿದಳು.

“ಹುಡ್ಗೀನ ನೋಡಾಕೆ ಯಾವತ್ತು ಬರ್ಲಿ?”